ಸೊಕ್ಕೆಯ ಮನೆಗೊಂದು ರಿಮೋಟ್: ಕಲಿಯುವ ರಿಮೋಟನ್ನು ಹೊಂದಿಸುವ ಪಾಠ

ಹಾಸ್ಟೆಲಿನಲ್ಲಿರುವ ನಮ್ಮಂಥವರಿಗೆ ಊರಿಂದ ಒಂದು ಬಗೆಯ ಫೋನ್ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಸಂಜೆ ಏಳರ ಹೊತ್ತಿಗೆ. "ಟೀವಿ ಬರವಲ್ದು ನೋಡಪ್ಪಾ, ಬರೀ ನೀಲಿ ಆಗಿ ನಿಂತೈತಿ." ನಾವು ಇಲ್ಲಿಂದ "ಸೋರ್ಸ್ ಬಟನ್ ಒತ್ತಜ್ಜಿ" ಅಂತೀವಿ. "ಯಾವ ರಿಮೋಟಿಂದು?" ಅಂತ ಅಲ್ಲಿಂದ ಪ್ರಶ್ನೆ. "ಕರೀದು" ಅಂದರೆ "ಎರಡೂ ಕರಿಯವೇ ಅದಾವಲ್ಲ" ಅನ್ನೋ ಉತ್ತರ. ಆಮೇಲೆ ಹತ್ತು ನಿಮಿಷ ಕತ್ತಲಲ್ಲಿ ಸೂಜಿ ಹುಡುಕಿದಂಗೆ. ಸೆಮಿಸ್ಟರಿಗೆ ಎರಡು ಸಲ ಮೈಕ್ರೋಕಂಟ್ರೋಲರ್ ಲ್ಯಾಬ್ ಮಾಡುವ ನಾವು ಇದಕ್ಕೊಂದು ಪರಿಹಾರ ಕೊಡಲೇಬೇಕಲ್ಲವೇ? ಈ ತಿಂಗಳ ಪಾಠ ಅದೇ.

ನಮ್ಮ ಬಳಗದ ಒಬ್ಬ ಗೆಳೆಯನ ಅಜ್ಜಿ ಮನೆ ದಾವಣಗೆರೆ ಜಿಲ್ಲೆ ಜಗಳೂರು ತಾಲೂಕಿನ ಸೊಕ್ಕೆಯಲ್ಲಿದೆ. ಪಾಠದುದ್ದಕ್ಕೂ ಆ ಮನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಜ್ಜಿ ಒಬ್ಬರೇ ಇರುತ್ತಾರೆ. ಸಂಜೆ ಚಂದನ ಹಾಕಿದರೆ ರಾತ್ರಿ ಊಟದ ತನಕ ಮನೆಯಲ್ಲಿ ಒಂದು ಮಾತಿನ ಸದ್ದು ಇರುತ್ತದೆ. ಟಿವಿ ನೀಲಿಯಾದರೆ ಪಕ್ಕದ ಮನೆ ಹುಡುಗ ಸ್ಕೂಲಿಂದ ಬರಬೇಕು, ಇಲ್ಲಾ ರಜೆಗೆ ಮೊಮ್ಮಗ ಬರಬೇಕು. ಅಲ್ಲೀತನಕ ಮನೆ ಮೌನ. ಟಿವಿ ಕೆಟ್ಟಿರುವುದಿಲ್ಲ, ಬಾಕ್ಸ್ ಕೆಟ್ಟಿರುವುದಿಲ್ಲ. ಯಾವ ಬಟನ್ ಒತ್ತಬೇಕು ಅನ್ನುವುದಷ್ಟೇ ಗೊತ್ತಾಗಿರುವುದಿಲ್ಲ.

ಎರಡು ರಿಮೋಟ್ ಎಲ್ಲಿಂದ ಬಂತು?

ಮೊದಲೆಲ್ಲ ಕೇಬಲ್ ವೈರು ನೇರ ಟಿವಿಗೇ ಬರುತ್ತಿತ್ತು, ಒಂದೇ ರಿಮೋಟ್ ಸಾಕಾಗುತ್ತಿತ್ತು. 2011ರಲ್ಲಿ ಕೇಬಲ್ ಟಿವಿ ಕಾಯ್ದೆಗೆ ತಿದ್ದುಪಡಿ ಬಂತು. ಅನಲಾಗ್ ಹೋಗಿ ಡಿಜಿಟಲ್ ಬರಬೇಕು, ಪ್ರತಿ ಟಿವಿಗೂ ಸೆಟ್ ಟಾಪ್ ಬಾಕ್ಸ್ ಬೇಕು ಎಂದಾಯಿತು. 2012ರಲ್ಲಿ ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳು, ಹೀಗೆ ಹಂತಹಂತವಾಗಿ ಸಾಗಿ ಹಳ್ಳಿಗಳ ಕೊನೆಯ ಹಂತದ ಗಡುವು 2017ರ ಮಾರ್ಚ್‌ಗೆ ಬಂದು ನಿಂತಿತು. ಇತ್ತ ದೂರದರ್ಶನದ ಉಚಿತ ಡಿಟಿಎಚ್ ಸೇವೆ 2004ರ ಡಿಸೆಂಬರಿನಲ್ಲೇ ಶುರುವಾಗಿತ್ತು. ಈಗ ಅದನ್ನು ಡಿಡಿ ಫ್ರೀ ಡಿಶ್ ಅಂತೀವಿ. ಕೇಬಲ್ ಆಗಲಿ, ಡಿಶ್ ಆಗಲಿ, ಫಲ ಒಂದೇ: ಟಿವಿಗೊಂದು ರಿಮೋಟ್, ಬಾಕ್ಸಿಗೊಂದು ರಿಮೋಟ್. ಚಾನೆಲ್ ಬದಲಿಸುವುದು ಬಾಕ್ಸಿನದರಲ್ಲಿ, ಸದ್ದು ಎರಡರಲ್ಲೂ, ಸೋರ್ಸ್ ಮಾತ್ರ ಟಿವಿಯದರಲ್ಲಿ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಟಿವಿಗಳು ಹಳೆಯ ಸೋರ್ಸನ್ನು ಮರೆತು ಆಂಟೆನಾ ಕಡೆ ಹೋಗಿ ನಿಲ್ಲುತ್ತವೆ. ನೀಲಿ ಪರದೆಯ ಗುಟ್ಟು ಇಷ್ಟೇ.

ಒಳ್ಳೇ ಸುದ್ದಿ ಅಂದರೆ, ಈ ಎರಡನ್ನು ಒಂದು ಮಾಡುವ ಸಾಧನ ಬಹಳ ಮನೆಗಳಲ್ಲಿ ಆಗಲೇ ಇದೆ. ಬಾಕ್ಸಿನ ರಿಮೋಟನ್ನು ಕೈಗೆತ್ತಿಕೊಂಡು ನೋಡಿ. ಮೇಲ್ಭಾಗದಲ್ಲೋ ಕೆಳಭಾಗದಲ್ಲೋ ಒಂದು ಗೆರೆ ಎಳೆದ ಚೌಕ, ಅದರೊಳಗೆ ನಾಲ್ಕೈದು ಬಟನ್, ಪಕ್ಕದಲ್ಲಿ "ಟಿವಿ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ, ಅದು ಕಲಿಯುವ ರಿಮೋಟ್. ಪವರ್, ಸೋರ್ಸ್, ಸದ್ದು ಹೆಚ್ಚು, ಸದ್ದು ಕಡಿಮೆ, ಜತೆಗೊಂದು ಸೆಟ್. ಬಹಳ ಜನ ಈ ಚೌಕವನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ರಿಮೋಟ್ ಏನು ಹೇಳುತ್ತದೆ?

ಹೊಂದಿಸುವ ಮೊದಲು ಅದರ ಭಾಷೆ ತಿಳಿಯೋಣ. ರಿಮೋಟಿನ ತುದಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರಿನ ಅವಗೆಂಪು ಬೆಳಕು ಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದು, ಫೋನಿನ ಕ್ಯಾಮೆರಾಕ್ಕೆ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಅವಗೆಂಪನ್ನು ತಡೆಯುವ ಫಿಲ್ಟರ್ ಬಲವಾಗಿರುವುದುಂಟು, ಹಾಗಾಗಿ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬಟನ್ ಒತ್ತಿದಾಗ ನೇರಳೆ ಮಿಶ್ರಿತ ಬಿಳಿ ಮಿಣುಕು ಕಂಡರೆ ಎಲ್‌ಇಡಿ, ಸೆಲ್ ಎರಡೂ ಸರಿ ಇವೆ ಎಂದರ್ಥ.

ಬೆಳಕು ಸುಮ್ಮನೆ ಹತ್ತಿ ಆರಿದರೆ ಸಾಲದು. ಸೂರ್ಯನಲ್ಲೂ ಬಲ್ಬಿನಲ್ಲೂ ಅವಗೆಂಪು ಧಾರಾಳವಾಗಿದೆ. ಆ ಗದ್ದಲದ ನಡುವೆ ತನ್ನ ದನಿ ಕೇಳಿಸಲಿ ಅಂತ ರಿಮೋಟ್ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಹಚ್ಚಿ ಆರಿಸುತ್ತದೆ. ಇದೇ 38 ಕಿಲೋಹರ್ಟ್ಸ್ ಕ್ಯಾರಿಯರ್. ಟಿವಿಯೊಳಗಿನ ರಿಸೀವರ್ ಆ ಆವರ್ತನದ ಸುತ್ತಮುತ್ತಲಿನ ಮಿಣುಕನ್ನಷ್ಟೇ ಒಪ್ಪಿ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಸಂತೆಯಲ್ಲಿ ನೂರು ಜನ ಕೂಗಿದರೂ ಅಮ್ಮನ ದನಿ ಮಗುವಿಗೆ ಗೊತ್ತಾಗುತ್ತದಲ್ಲ, ಹಾಗೆ.

ಈಗ ಆ ಮಿಣುಕಿನ ಗೊಂಚಲುಗಳಲ್ಲಿ ಸೊನ್ನೆ, ಒಂದು ಹೇಗೆ ಬರೆಯುತ್ತಾರೆ? ಹೆಚ್ಚು ಬಳಕೆಯ ಎನ್‌ಇಸಿ ಪದ್ಧತಿ ನೋಡಿ. ಮೊದಲು 9 ಮಿಲಿಸೆಕೆಂಡ್ ಉದ್ದದ ಗೊಂಚಲು, ಆಮೇಲೆ 4.5 ಮಿಲಿಸೆಕೆಂಡ್ ಮೌನ. ಇದು "ಕೇಳಪ್ಪಾ ಇಲ್ಲಿ" ಅನ್ನೋ ಕರೆ. ನಂತರ 32 ಬಿಟ್. ಪ್ರತಿ ಬಿಟ್ಟೂ 562.5 ಮೈಕ್ರೋಸೆಕೆಂಡಿನ ಗೊಂಚಲಿನಿಂದ ಶುರು. ಅದರ ಹಿಂದೆ ಅಷ್ಟೇ ಮೌನವಿದ್ದರೆ ಸೊನ್ನೆ, ಮೂರು ಪಟ್ಟು ಮೌನವಿದ್ದರೆ ಒಂದು. ಅಂದರೆ ಸೊನ್ನೆಗೆ 1.125, ಒಂದಕ್ಕೆ 2.25 ಮಿಲಿಸೆಕೆಂಡ್. ಅರ್ಥ ಇರುವುದು ಮೌನದ ಅಳತೆಯಲ್ಲಿ.

ಆ 32 ಬಿಟ್ಟಿನಲ್ಲಿ ಮೊದಲ 8 ವಿಳಾಸ: ಈ ಮಾತು ಯಾವ ಸಾಧನಕ್ಕೆ. ಮುಂದಿನ 8 ಅದೇ ವಿಳಾಸದ ತಿರುಗುಮುರುಗು. ಆಮೇಲಿನ 8 ಆಜ್ಞೆ, ಕೊನೆಯ 8 ಆಜ್ಞೆಯ ತಿರುಗುಮುರುಗು. ಎರಡು ಹೊಂದದಿದ್ದರೆ ಟಿವಿ ಆ ಮಾತನ್ನೇ ತಳ್ಳಿಹಾಕುತ್ತದೆ. ಇದರಲ್ಲೊಂದು ಚಂದದ ಲೆಕ್ಕವಿದೆ. ಯಾವ ಬಟನ್ ಒತ್ತಿದರೂ 16 ಸೊನ್ನೆ, 16 ಒಂದು ಇದ್ದೇ ಇರುತ್ತವೆ. ಹಾಗಾಗಿ 16 ಸಲ 1.125, 16 ಸಲ 2.25, ಮೊದಲಿನ 13.5 ಎಲ್ಲ ಸೇರಿಸಿದರೆ ಯಾವಾಗಲೂ 67.5 ಮಿಲಿಸೆಕೆಂಡ್. ಮೇಲೆ ಮುಕ್ತಾಯಕ್ಕೊಂದು ಸಣ್ಣ ಗೊಂಚಲು. ಬಟನ್ ಒತ್ತಿ ಹಿಡಿದರೆ ಪೂರ್ತಿ ಮಾತು ಮತ್ತೆ ಬರುವುದಿಲ್ಲ. "ಅದೇ, ಅದೇ" ಅನ್ನುವ ಚಿಕ್ಕ ಸಂಕೇತ 108 ಮಿಲಿಸೆಕೆಂಡಿಗೊಮ್ಮೆ ಹೋಗುತ್ತಿರುತ್ತದೆ. ಇದನ್ನು ನೆನಪಿಡಿ, ಕಲಿಸುವಾಗ ಬೇಕಾಗುತ್ತದೆ.

ಎಲ್ಲರೂ ಎನ್‌ಇಸಿ ಮಾತಾಡುವುದಿಲ್ಲ. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿ 36 ಕಿಲೋಹರ್ಟ್ಸ್‌ನಲ್ಲಿ, 14 ಬಿಟ್ಟಿನಲ್ಲಿ, ಮ್ಯಾಂಚೆಸ್ಟರ್ ಕೋಡಿಂಗ್‌ನಲ್ಲಿ ನಡೆಯುತ್ತದೆ. ಸೋನಿಯದು 40 ಕಿಲೋಹರ್ಟ್ಸ್; ಅಲ್ಲಿ ಅರ್ಥ ಇರುವುದು ಗೊಂಚಲಿನ ಉದ್ದದಲ್ಲಿ. ಕನ್ನಡ, ತೆಲುಗು, ತಮಿಳು ಇದ್ದಂತೆ ಇವೂ ಬೇರೆ ಬೇರೆ ಭಾಷೆಗಳು. ಅದಕ್ಕೇ ಒಂದರ ರಿಮೋಟ್ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಗಿಣಿಯೂ ದುಭಾಷಿಯೂ

ಯೂನಿವರ್ಸಲ್ ರಿಮೋಟಿನಲ್ಲಿ ಎರಡು ಜಾತಿ. ಒಂದು, ಕೋಡ್ ಹಾಕುವುದು. ಇದರ ಮೆಮೊರಿಯಲ್ಲಿ ನೂರಾರು ಟಿವಿಗಳ ಭಾಷೆಯನ್ನು ಮೊದಲೇ ತುಂಬಿರುತ್ತಾರೆ. ಪಟ್ಟಿ ನೋಡಿ ಮೂರು ಅಥವಾ ನಾಲ್ಕು ಅಂಕಿಯ ಕೋಡ್ ಹಾಕಿದರೆ ಆ ಭಾಷೆ ಮಾತಾಡಲು ಶುರು ಮಾಡುತ್ತದೆ. ಇದು ದುಭಾಷಿ.

ಇನ್ನೊಂದು, ಕಲಿಯುವುದು. ಇದಕ್ಕೆ ಯಾವ ಭಾಷೆಯೂ ಬರುವುದಿಲ್ಲ. ಮೂಲ ರಿಮೋಟನ್ನು ಎದುರಿಗಿಟ್ಟು ಒತ್ತಿದರೆ, ಎಷ್ಟು ಹೊತ್ತು ಬೆಳಕು, ಎಷ್ಟು ಹೊತ್ತು ಕತ್ತಲು ಎಂದು ಬರೆದಿಟ್ಟುಕೊಳ್ಳುತ್ತದೆ. ಕೇಳಿದಾಗ ಹಾಗೇ ಒಪ್ಪಿಸುತ್ತದೆ. ಇದು ಗಿಣಿ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಆ ಕಂಪನಿಯಿಂದ ಹೊರಬಂದು ಸಿಎಲ್ 9 ಎಂಬ ಸಂಸ್ಥೆ ಮಾಡಿ, 1987ರಲ್ಲಿ "ಕೋರ್" ಎಂಬ ಕಲಿಯುವ ರಿಮೋಟನ್ನು ಮಾರುಕಟ್ಟೆಗೆ ತಂದ. ಅಂಥ ತಲೆಯ ಎಂಜಿನಿಯರ್ ತಲೆ ಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ: ಒಂದು ಮನೆಗೆ ಇಷ್ಟೊಂದು ರಿಮೋಟ್ ಯಾಕೆ? ಆ ಕೆಲಸದ ಪುಟ್ಟ ರೂಪವೇ ಇಂದು ಬಾಕ್ಸಿನ ರಿಮೋಟಿನ ಚೌಕದಲ್ಲಿ ಕೂತಿದೆ.

ಗಿಣಿಗೆ ಒಂದು ಲಾಭ, ಒಂದು ಮಿತಿ. ಪಟ್ಟಿಯಲ್ಲಿಲ್ಲದ ಟಿವಿಯನ್ನೂ ಕಲಿಯುತ್ತದೆ, ಅದು ಲಾಭ. ತಪ್ಪು ಕೇಳಿಸಿಕೊಂಡರೆ ತಪ್ಪನ್ನೇ ಒಪ್ಪಿಸುತ್ತದೆ, ಅದು ಮಿತಿ. ಆದ್ದರಿಂದ ಪಾಠ ಹೇಳುವವರು ಸ್ಪಷ್ಟವಾಗಿ ಹೇಳಬೇಕು.

ಕಲಿಸುವ ಕ್ರಮ

ಸೊಕ್ಕೆಯ ಮನೆಯ ಪಡಸಾಲೆಗೆ ಹೋಗೋಣ. ಬಾಗಿಲು ತೆರೆದಿದ್ದರೆ ಬಿಸಿಲು ನೇರ ಒಳಗೆ ಬೀಳುತ್ತದೆ. ಮೊದಲು ಆ ಬೆಳಕಿನಿಂದ ದೂರ ಕೂರಿ. ಎರಡೂ ರಿಮೋಟಿಗೆ ಹೊಸ ಸೆಲ್ ಹಾಕಿ. ಮೂಲ ರಿಮೋಟಿನ ಸೆಲ್ ಸೋತಿದ್ದರೆ ಅದರ ದನಿ ಕ್ಷೀಣವಾಗಿ, ಗಿಣಿ ಅರ್ಧಂಬರ್ಧ ಕಲಿಯುತ್ತದೆ.

1. ಎರಡೂ ರಿಮೋಟನ್ನು ಮೇಜಿನ ಮೇಲೋ ನೆಲದ ಮೇಲೋ ಮಲಗಿಸಿ, ತಲೆಗೆ ತಲೆ ಎದುರಾಗುವಂತೆ ಇಡಿ. ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಸಾಕು. ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ.

2. ಬಾಕ್ಸ್ ರಿಮೋಟಿನ ಚೌಕದೊಳಗಿನ ಸೆಟ್ ಬಟನನ್ನು ಕೆಂಪು ದೀಪ ನಿಂತು ಉರಿಯುವ ತನಕ ಒತ್ತಿ ಹಿಡಿಯಿರಿ. ಸಾಮಾನ್ಯವಾಗಿ ಕೆಲವೇ ಸೆಕೆಂಡು. ಸೆಟ್ ಅಂತ ಬೇರೆ ಬಟನ್ ಇಲ್ಲದಿದ್ದರೆ ಚೌಕದೊಳಗಿನ ಪವರ್ ಬಟನ್ನೇ ಆ ಕೆಲಸ ಮಾಡುವುದುಂಟು.

3. ಯಾವ ಬಟನ್ನಿಗೆ ಕಲಿಸಬೇಕೋ ಅದನ್ನು ಒಮ್ಮೆ ಒತ್ತಿ. ದೀಪ ಮಿನುಗಿದರೆ "ಹೇಳು, ಕೇಳಿಸ್ಕೋತೀನಿ" ಎಂದರ್ಥ.

4. ಟಿವಿ ರಿಮೋಟಿನ ಅದೇ ಕೆಲಸದ ಬಟನನ್ನು ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ. ಹಿಡಿದರೆ ಮೇಲೆ ಹೇಳಿದ "ಅದೇ, ಅದೇ" ಸಂಕೇತಗಳೂ ಜತೆಗೆ ಸೇರಿ ನಕಲು ಕೆಡಬಹುದು. ದೀಪ ಕೆಲವು ಸಲ ಮಿನುಗಿ ನಿಂತರೆ ಪಾಠ ತಲೆಗೆ ಹೋಯಿತು.

5. ಉಳಿದ ಬಟನ್‌ಗಳಿಗೂ ಹೀಗೇ ಮಾಡಿ. ಕೊನೆಗೆ ಸೆಟ್ ಇನ್ನೊಮ್ಮೆ ಒತ್ತಿ ಮುಗಿಸಿ. ದೀಪ ಆರಬೇಕು.

6. ಟಿವಿ ಎದುರು ಅಜ್ಜಿ ಕೂರುವ ಜಾಗದಲ್ಲೇ ಕೂತು ಪರೀಕ್ಷಿಸಿ. ಒಂದು ಮಾರು ದೂರದಿಂದ ಕೆಲಸ ಮಾಡಿದ್ದು ಮಂಚದಿಂದ ಮಾಡದೇ ಇರಬಹುದು.

ಯಾವ ಕ್ರಮದಲ್ಲಿ ಕಲಿಸಬೇಕು? ಬಹಳ ಜನ ಪವರಿನಿಂದ ಶುರು ಮಾಡುತ್ತಾರೆ. ಸೋರ್ಸಿನಿಂದ ಶುರು ಮಾಡಿ ಅಂತ ನಮ್ಮ ಸಲಹೆ. ನೀಲಿ ಪರದೆಗೆ ಮದ್ದು ಅದೇ. ಆಮೇಲೆ ಸದ್ದು, ಕೊನೆಗೆ ಪವರ್.

ಬಾಕ್ಸ್ ತಯಾರಕರನ್ನು ನೋಡಿಕೊಂಡು ಎರಡನೇ ಹೆಜ್ಜೆ ಸ್ವಲ್ಪ ಬದಲಾಗುತ್ತದೆ. ರಿಮೋಟಿನ ಬೆನ್ನ ಮೇಲೋ ಬಾಕ್ಸ್ ಜತೆ ಬಂದ ಚೀಟಿಯಲ್ಲೋ ಕ್ರಮ ಬರೆದಿರುತ್ತಾರೆ. ಕಲಿಯುವ ತತ್ವ ಮಾತ್ರ ಎಲ್ಲದರಲ್ಲೂ ಒಂದೇ.

ಮೂಲ ರಿಮೋಟೇ ಕಳೆದುಹೋಗಿದ್ದರೆ?

ಗಿಣಿಗೆ ಪಾಠ ಹೇಳುವವರೇ ಇಲ್ಲವಲ್ಲ! ಇಲ್ಲೊಂದು ಉಪಾಯ. ಶವೋಮಿ, ರೆಡ್ಮಿಯಂಥ ಹಲವು ಫೋನುಗಳ ನೆತ್ತಿಯ ಮೇಲೆ ಅವಗೆಂಪು ಎಲ್‌ಇಡಿ ಇರುತ್ತದೆ. ಹಾಸ್ಟೆಲಿನಲ್ಲಿ ಹುಡುಕಿದರೆ ಒಂದಾದರೂ ಸಿಗುತ್ತೆ. ಆ ಫೋನಿನ ರಿಮೋಟ್ ಆ್ಯಪಿನಲ್ಲಿ ಟಿವಿಯ ಹೆಸರು ಆರಿಸಿ, ಒಂದೊಂದೇ ಕೋಡ್ ಪರೀಕ್ಷಿಸಿ, ಟಿವಿ ಓಗೊಡುವ ಕೋಡ್ ಹಿಡಿಯಿರಿ. ಈಗ ಫೋನೇ ಮೂಲ ರಿಮೋಟ್ ಆಯಿತು. ಫೋನಿನ ನೆತ್ತಿಯನ್ನು ಬಾಕ್ಸ್ ರಿಮೋಟಿನ ತಲೆಗೆ ಎದುರಿಟ್ಟು ಮೇಲಿನ ಆರು ಹೆಜ್ಜೆ ನಡೆಸಿ. ದುಭಾಷಿ ಗಿಣಿಗೆ ಕಲಿಸಿದಂತಾಯಿತು. ನೀವು ಫೋನ್ ತಗೊಂಡು ಕಾಲೇಜಿಗೆ ವಾಪಸು ಬಂದರೂ ಪಾಠ ಸೊಕ್ಕೆಯಲ್ಲೇ ಉಳಿಯುತ್ತದೆ.

ಕೋಡ್ ಹುಡುಕುವಾಗ ಒಂದು ಎಚ್ಚರ: ಪವರ್ ಕೆಲಸ ಮಾಡಿತು ಅಂತ ಅಲ್ಲಿಗೇ ನಿಲ್ಲಬೇಡಿ. ಪವರ್ ಹೊಂದಿ ಸೋರ್ಸ್ ಹೊಂದದ ಕೋಡ್‌ಗಳೂ ಇವೆ. ಸದ್ದು, ಸೋರ್ಸ್, ಪವರ್ ಮೂರನ್ನೂ ನೋಡಿಯೇ ಒಪ್ಪಿಕೊಳ್ಳಿ.

ಗಿಣಿ ಕಲಿಯದಿದ್ದರೆ

ಮೊದಲನೆಯದು, ಆ ರಿಮೋಟ್ ಅವಗೆಂಪಿನದ್ದೇ ಅಲ್ಲದಿರಬಹುದು. ಸ್ಮಾರ್ಟ್ ಟಿವಿ, ಸ್ಟ್ರೀಮಿಂಗ್ ಸ್ಟಿಕ್‌ಗಳ ರಿಮೋಟುಗಳಲ್ಲಿ ಎಷ್ಟೋ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ. ಸೆಲ್ಫಿ ಕ್ಯಾಮೆರಾದಲ್ಲಿ ಮಿಣುಕು ಕಾಣದಿದ್ದರೆ, ಸೆಲ್ ಸರಿ ಇದ್ದರೂ ಕಾಣದಿದ್ದರೆ, ಅನುಮಾನ ಪಡಿ. ಕೆಲವು ಟಿವಿ ರಿಮೋಟುಗಳಲ್ಲಿ ಪವರ್ ಒಂದು ಮಾತ್ರ ಅವಗೆಂಪು, ಉಳಿದದ್ದು ಬ್ಲೂಟೂತ್. ಅಂಥಲ್ಲಿ ಬಟನ್ ಬಟನ್ನನ್ನೂ ಬೇರೆಯಾಗಿ ನೋಡಬೇಕು.

ಎರಡನೆಯದು, ಕ್ಯಾರಿಯರ್ ಹೊಂದಾಣಿಕೆ. ಅಗ್ಗದ ರಿಮೋಟುಗಳು ಕ್ಯಾರಿಯರನ್ನು ಅಳೆಯದೆ, 38 ಕಿಲೋಹರ್ಟ್ಸ್ ಎಂದೇ ಇಟ್ಟುಕೊಂಡು ಒಪ್ಪಿಸುವುದುಂಟು. ಟಿವಿ 36 ಅಥವಾ 40ರದ್ದಾಗಿದ್ದರೆ ಕೆಲಸ ಆಗುತ್ತದೆ, ದೂರ ಮಾತ್ರ ಕಡಿಮೆಯಾಗುತ್ತದೆ. ಹತ್ತಿರದಿಂದ ಸರಿ, ದೂರದಿಂದ ಇಲ್ಲ ಅಂದರೆ ಇದನ್ನು ನೆನೆಯಿರಿ.

ಮೂರನೆಯದು, ಆರ್‌ಸಿ-5ರ ಟಾಗಲ್ ಬಿಟ್. ಆ ಪದ್ಧತಿಯಲ್ಲಿ ಪ್ರತಿ ಹೊಸ ಒತ್ತಿಗೂ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುತ್ತದೆ. "ಎರಡು ಸಲ ಒತ್ತಿದರೋ, ಒಂದೇ ಸಲ ಒತ್ತಿ ಹಿಡಿದರೋ" ಅಂತ ಟಿವಿ ತಿಳಿಯುವುದು ಇದರಿಂದಲೇ. ಗಿಣಿ ಕಲಿತದ್ದು ಒಂದೇ ಒತ್ತು. ಹಾಗಾಗಿ ಆ ಬಿಟ್ ಯಾವಾಗಲೂ ಒಂದೇ ಆಗಿರುತ್ತದೆ. 11 ಒತ್ತಲು ಹೋದರೆ 1 ಮಾತ್ರ ದಾಖಲಾಗಬಹುದು. ಇದು ಕಲಿಸಿದವರ ತಪ್ಪೂ ಅಲ್ಲ, ರಿಮೋಟಿನ ದೋಷವೂ ಅಲ್ಲ; ಪದ್ಧತಿಯ ಗುಣ. ಸದ್ದು, ಸೋರ್ಸ್‌ಗಳಲ್ಲಿ ನಡುವೆ ಸ್ವಲ್ಪ ಬಿಡುವು ಕೊಟ್ಟು ಒತ್ತಿದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ.

ಒಂದೇ ಬಟನ್ ಯಾಕೆ ಸಾಲದು?

ಈಗ ಪಾಠದ ಹೃದಯಕ್ಕೆ ಬಂದೆವು. ಒಂದಿಷ್ಟು ದುಬಾರಿ ಯೂನಿವರ್ಸಲ್ ರಿಮೋಟುಗಳಲ್ಲಿ ಮ್ಯಾಕ್ರೋ ಅಂತ ಇರುತ್ತದೆ: ಒಂದು ಬಟನ್ ಒತ್ತಿದರೆ ಟಿವಿ ಪವರ್, ಬಾಕ್ಸ್ ಪವರ್ ಎರಡೂ ಸಂಕೇತ ಒಂದರ ಹಿಂದೊಂದು ಹೋಗುತ್ತವೆ. "ಅಜ್ಜಿಗೆ ಇಷ್ಟೇ ಸಾಕಲ್ಲ, ಒಂದು ಬಟನ್ ಒತ್ತಿದರೆ ಎಲ್ಲ ಹತ್ತುತ್ತೆ" ಅಂತ ಯಾರಿಗಾದರೂ ಅನಿಸುತ್ತದೆ. ಒಮ್ಮೆ ಪೆನ್ನು ಕಾಗದ ಹಿಡಿದು ನೋಡೋಣ.

ಪವರ್ ಬಟನ್ ಸಾಮಾನ್ಯವಾಗಿ ಟಾಗಲ್. ಹತ್ತಿದ್ದರೆ ಆರಿಸುತ್ತದೆ, ಆರಿದ್ದರೆ ಹಚ್ಚುತ್ತದೆ. ಟಿವಿ, ಬಾಕ್ಸ್ ಎರಡೂ ಆರಿದ್ದಾಗ ಮ್ಯಾಕ್ರೋ ಒತ್ತಿದರೆ ಎರಡೂ ಹತ್ತುತ್ತವೆ. ಸರಿ. ಆದರೆ ಕರೆಂಟ್ ಹೋಗಿ ಬಂತು. ಬಾಕ್ಸ್ ತಾನೇ ಹತ್ತಿಕೊಂಡಿತು, ಟಿವಿ ಸ್ಟ್ಯಾಂಡ್‌ಬೈನಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. ಈಗ ಒತ್ತಿದರೆ ಟಿವಿ ಹತ್ತುತ್ತದೆ, ಬಾಕ್ಸ್ ಆರುತ್ತದೆ. ಮತ್ತೆ ಒತ್ತಿದರೆ ಟಿವಿ ಆರಿ ಬಾಕ್ಸ್ ಹತ್ತುತ್ತದೆ. ನೂರು ಸಲ ಒತ್ತಿದರೂ ಎರಡೂ ಒಟ್ಟಿಗೆ ಹತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಅವುಗಳ ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಾವು ಓದಿದ ಎಕ್ಸ್‌ಆರ್ ಗೇಟ್ ಇದೇ: ಎರಡು ಇನ್‌ಪುಟ್ಟನ್ನೂ ತಿರುಗಿಸಿದರೆ ಔಟ್‌ಪುಟ್ ಬದಲಾಗದು. ಅಂದರೆ ಅಜ್ಜಿಯ ಕೈಗೆ ನಾವು ಕೊಟ್ಟ ಸುಲಭದ ಬಟನ್, ಕರೆಂಟ್ ಒಮ್ಮೆ ಹೋಗಿ ಬಂದ ಕೂಡಲೇ ಬಿಡಿಸಲಾಗದ ಗಂಟು.

ಯಾಕೆ ಹೀಗೆ? ರಿಮೋಟಿಗೆ ಬಾಯಿ ಇದೆ, ಕಿವಿ ಇಲ್ಲ. ಹೇಳುತ್ತದೆ, ಟಿವಿ ಕೇಳಿಸಿಕೊಂಡಿತೋ, ಈಗ ಹತ್ತಿದೆಯೋ ಆರಿದೆಯೋ ಅದಕ್ಕೆ ತಿಳಿಯದು. ಕಂಟ್ರೋಲ್ ಸಿಸ್ಟಮ್ಸ್ ವಿಷಯದ ಮಾತಿನಲ್ಲಿ ಇದು ಓಪನ್ ಲೂಪ್. ಜಗಳೂರು ಸೀಮೆಯ ಹೊಲಗಳಲ್ಲಿ ಬೋರ್‌ವೆಲ್ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವವರಿದ್ದಾರೆ. ಫೋನ್ ಮಾಡಿದರೆ ಮೋಟರ್ ಶುರು. ಆದರೆ ಅಂಥ ಸ್ಟಾರ್ಟರ್‌ಗಳಲ್ಲಿ ಬಹಳಷ್ಟು "ಮೋಟರ್ ಆನ್ ಆಗಿದೆ", "ಕರೆಂಟ್ ಇಲ್ಲ" ಅಂತ ಮೆಸೇಜೋ ದನಿಯೋ ವಾಪಸು ಕಳಿಸುತ್ತವೆ. ರೈತ ಮನೆಯಲ್ಲೇ ಕೂತು ನಂಬುವುದು ಆ ವಾಪಸು ಮಾತನ್ನು. ಅಲ್ಲಿ ಲೂಪ್ ಮುಚ್ಚಿದೆ. ಟಿವಿ ರಿಮೋಟಿನಲ್ಲಿ ಲೂಪ್ ಮುಚ್ಚುವವರು ಯಾರು? ಕೂತು ನೋಡುತ್ತಿರುವ ಮನುಷ್ಯರು. ಅಜ್ಜಿಯ ಕಣ್ಣೇ ಫೀಡ್‌ಬ್ಯಾಕ್.

ಆದ್ದರಿಂದ ನಮ್ಮ ಸೂತ್ರ ಇದು: ನೋಡುವವರು ಏನು ಕಾಣುತ್ತಾರೋ ಅದಕ್ಕೆ ನೇರ ಉತ್ತರವಾಗುವ ಬಟನ್ ಇರಬೇಕು. ಪರದೆ ಕಪ್ಪಗಿದೆ, ಟಿವಿ ಪವರ್. ಪರದೆ ನೀಲಿ, ಸೋರ್ಸ್. ಸೋರ್ಸ್ ಸರಿ ಇದೆ, ಆದರೂ ಚಿತ್ರವಿಲ್ಲ, ಬಾಕ್ಸ್ ಪವರ್. ಮೂರು ಕಾಣ್ಕೆ, ಮೂರು ಬಟನ್. ಇಷ್ಟನ್ನು ಯಾರಾದರೂ ಒಂದು ಸಂಜೆಯಲ್ಲಿ ಕಲಿಯುತ್ತಾರೆ.

ಎಸಿ ರಿಮೋಟ್ ಮಾತ್ರ ಬೇರೆ ಜಾತಿ. ಅದು ಒಂದು ಬಟನ್ ಒತ್ತಿದಾಗ ತಾಪಮಾನ, ಫ್ಯಾನ್ ವೇಗ, ಮೋಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. "24 ಡಿಗ್ರಿ, ಕೂಲ್, ಫ್ಯಾನ್ ನಿಧಾನ" ಅನ್ನುವ ಪೂರ್ತಿ ಸ್ಥಿತಿಯೇ ಮಾತು. ಅದನ್ನು ಕಲಿಸಿದರೆ ಎಷ್ಟು ಸಲ ಒತ್ತಿದರೂ 24ಕ್ಕೇ ಬಂದು ನಿಲ್ಲುತ್ತದೆ. ಆದರೆ ಗಿಣಿಗೆ "ಒಂದು ಡಿಗ್ರಿ ಹೆಚ್ಚಿಸು" ಅಂತ ಕಲಿಸಲಾಗದು. ಕಾಲೇಜಿನ ಲ್ಯಾಬಿನ ಎಸಿಗೆ ಕಲಿಸುವುದಾದರೆ 24ಕ್ಕೆ ಒಂದು ಬಟನ್, 27ಕ್ಕೆ ಒಂದು, ಆರಿಸಲು ಒಂದು, ಹೀಗೆ ಹಂಚಿ.

ಬಟನ್ ಒತ್ತುವ ಅಗತ್ಯವನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಕೆಲವು ಟಿವಿಗಳ ಮೆನುವಿನಲ್ಲಿ ಹತ್ತಿದಾಗ ಯಾವ ಸೋರ್ಸ್‌ಗೆ ಹೋಗಬೇಕು ಎಂದು ಹೇಳಿಡಬಹುದು. ಮೊದಲು ಅದನ್ನು ನೋಡಿ. ಬಾಕ್ಸಿಗೂ ಟಿವಿಗೂ ಎಚ್‌ಡಿಎಂಐ ಕೇಬಲ್ ಇದ್ದು, ಎರಡರಲ್ಲೂ ಸಿಇಸಿ ಸೌಲಭ್ಯ ಇದ್ದರೆ, ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಟ್ಟಿಗೆ ಹತ್ತಬಲ್ಲವು. ಕೆಂಪು, ಬಿಳಿ, ಹಳದಿ ಪಿನ್ನಿನ ಹಳೇ ಎವಿ ಕೇಬಲ್‌ನಲ್ಲಿ ಈ ಮಾತುಕತೆಗೆ ದಾರಿಯಿಲ್ಲ.

ಗುರುತು ಹಾಕುವುದೂ ಎಂಜಿನಿಯರಿಂಗೇ

ರಿಮೋಟಿನ ಮೇಲಿನ ಅಕ್ಷರಗಳೆಲ್ಲ ಇಂಗ್ಲಿಷ್, ಅದೂ ಸಾಸಿವೆ ಗಾತ್ರದ್ದು. ಕನ್ನಡ ಓದುವ ಅಜ್ಜಿಗೂ, ಓದೇ ಬಾರದ ಅಜ್ಜನಿಗೂ ಅದರಿಂದ ಉಪಯೋಗವಿಲ್ಲ. ನೇಲ್ ಪಾಲಿಶ್ ಒಂದು ಬಾಟಲಿ ಸಾಕು. ಟಿವಿ ಪವರಿಗೆ ಕೆಂಪು ಚುಕ್ಕೆ, ಸೋರ್ಸಿಗೆ ಬೇರೆ ಬಣ್ಣದ ಚುಕ್ಕೆ, ಬಾಕ್ಸ್ ಪವರಿಗೆ ಇನ್ನೊಂದು. ಕಣ್ಣು ಮಂಜಾದವರಿಗೆ ಬಣ್ಣಕ್ಕಿಂತ ಉಬ್ಬು ಒಳ್ಳೆಯದು. ಪಾಲಿಶನ್ನೇ ಎರಡು ಮೂರು ಪದರ ಹಚ್ಚಿ ಒಣಗಿಸಿದರೆ ಬೆರಳಿಗೆ ಸಿಗುವಷ್ಟು ಉಬ್ಬುತ್ತದೆ. ಅನೇಕ ರಿಮೋಟುಗಳ 5ರ ಮೇಲೆ ಒಂದು ಪುಟ್ಟ ಉಬ್ಬು ಇರುವುದೂ ಇದೇ ಕಾರಣಕ್ಕೆ.

ಸೆಟ್ ಬಟನ್ ಮೇಲೆ ತಪ್ಪದೆ ಒಂದು ತುಂಡು ಟೇಪ್ ಅಂಟಿಸಿ. ಅದು ಅಕಸ್ಮಾತ್ ಒತ್ತಿಹೋದರೆ ಗಿಣಿ ಮತ್ತೆ ಕಲಿಯಲು ಕೂತು, ಹಳೇ ಪಾಠ ಅಳಿಸಿಹೋಗುವ ಅಪಾಯವಿದೆ. ಟಿವಿಯ ಮೂಲ ರಿಮೋಟನ್ನು ಬಿಸಾಡಬೇಡಿ. ಸೆಲ್ ತೆಗೆದು, ಕವರಿಗೆ ಹಾಕಿ, ಬೀರುವಿನಲ್ಲಿಡಿ. ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಕೊನೆಗೆ ಮುಖ್ಯವಾದದ್ದು: ನೀವೇ ಒತ್ತಿ ತೋರಿಸಿ ಎದ್ದು ಬರಬೇಡಿ. ಬೇಕೆಂದೇ ಟಿವಿಯನ್ನು ನೀಲಿ ಪರದೆಗೆ ತಂದಿಟ್ಟು "ಈಗ ಏನ್ ಮಾಡ್ತೀ ಅಜ್ಜಿ?" ಅಂತ ಕೇಳಿ, ಸುಮ್ಮನೆ ಕೂರಿ. ಅವರ ಬೆರಳೇ ಹುಡುಕಲಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕೇಳಿ. ಎರಡನೇ ಸಲ ತಡವರಿಸದೆ ಒತ್ತಿದರೆ ನಿಮ್ಮ ಪ್ರಾಜೆಕ್ಟ್ ಪಾಸು. ತಡವರಿಸಿದರೆ ಗುರುತು ಬದಲಿಸಿ. ಬದಲಾಗಬೇಕಾದ್ದು ನಮ್ಮ ವಿನ್ಯಾಸ.

ಲ್ಯಾಬಿನಲ್ಲಿ ಒಂದು ಸಂಜೆ

ಗಿಣಿಯ ಹೊಟ್ಟೆಯೊಳಗೆ ಏನಿದೆ ಎಂದು ಕಾಣುವ ಆಸೆ ಇದ್ದವರು ಒಂದು ಆರ್ಡುಯಿನೋ ಊನೋ, ಟಿಎಸ್‌ಒಪಿ 1738 ರಿಸೀವರ್, ಒಂದು ಅವಗೆಂಪು ಎಲ್‌ಇಡಿ, 2ಎನ್2222 ಟ್ರಾನ್ಸಿಸ್ಟರ್ ತಗೊಳ್ಳಿ. ರಿಸೀವರಿನ ಮೂರು ಕಾಲುಗಳ ಕ್ರಮ ಮಾಡೆಲಿನಿಂದ ಮಾಡೆಲಿಗೆ ಬೇರೆ. ಡೇಟಾಶೀಟ್ ನೋಡದೆ ವೈರ್ ಜೋಡಿಸಬೇಡಿ. ಅದರ ಔಟ್‌ಪುಟ್ 2ನೇ ಪಿನ್ನಿಗೆ ಕೊಡಿ. ಬೆಳಕಿಲ್ಲದಾಗ ಔಟ್‌ಪುಟ್ ಹೈ, ಗೊಂಚಲು ಬಂದಾಗ ಲೋ. ಇದು ಗೊತ್ತಿಲ್ಲದಿದ್ದರೆ ಎಲ್ಲ ತಲೆಕೆಳಗಾಗಿ ಕಾಣುತ್ತದೆ.

ಕೆನ್ ಶಿರಿಫ್ 2009ರಲ್ಲಿ ಬರೆದು ಹಂಚಿದ, ಈಗ ಹಲವರು ಬೆಳೆಸುತ್ತಿರುವ ಐಆರ್‌ರಿಮೋಟ್ ಲೈಬ್ರರಿ ಹಾಕಿಕೊಂಡರೆ, ಯಾವ ಪದ್ಧತಿ, ಯಾವ ವಿಳಾಸ, ಯಾವ ಆಜ್ಞೆ ಎಂದು ಸೀರಿಯಲ್ ಮಾನಿಟರಿನಲ್ಲಿ ಬರುತ್ತದೆ. ಕಳಿಸುವ ಕಡೆ, 3ನೇ ಪಿನ್ನಿನಿಂದ 1 ಕಿಲೋ ಓಮ್ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ, 5 ವೋಲ್ಟಿನಿಂದ 47 ಓಮ್ ಮತ್ತು ಎಲ್‌ಇಡಿ ಮೂಲಕ ಕಲೆಕ್ಟರಿಗೆ, ಎಮಿಟರ್ ಗ್ರೌಂಡಿಗೆ. ಎಲ್‌ಇಡಿಯಲ್ಲಿ ಸುಮಾರು 1.4, ಟ್ರಾನ್ಸಿಸ್ಟರಿನಲ್ಲಿ ಸುಮಾರು 0.2 ವೋಲ್ಟ್ ಬಿದ್ದರೆ ಉಳಿದ 3.4 ವೋಲ್ಟಿಗೆ ಕರೆಂಟ್ ಸುಮಾರು 72 ಮಿಲಿಆಂಪ್. ಪಿನ್ನಿಂದ ನೇರ ಎಳೆಯುವ ಲೆಕ್ಕ ಇದಲ್ಲ, ಅದಕ್ಕೇ ಟ್ರಾನ್ಸಿಸ್ಟರ್.

ಮಾಡಿ ನೋಡಿ

ಒಂದು: ನಿಮ್ಮ ಹಾಸ್ಟೆಲ್ ಟಿವಿಯ ರಿಮೋಟಿನ ಹತ್ತು ಬಟನ್ ಓದಿಸಿ. ಹತ್ತರಲ್ಲೂ ಬದಲಾಗದೆ ಉಳಿದ ಭಾಗ ಯಾವುದು? ಅದೇ ವಿಳಾಸ.

ಎರಡು: 38 ಕಿಲೋಹರ್ಟ್ಸ್‌ನಲ್ಲಿ 562.5 ಮೈಕ್ರೋಸೆಕೆಂಡಿನ ಗೊಂಚಲಲ್ಲಿ ಎಷ್ಟು ಮಿಣುಕು? ಲೆಕ್ಕ ಹಾಕಿ. ಉತ್ತರ 21ರ ಆಸುಪಾಸಿಗೆ ಬರಬೇಕು.

ಮೂರು: ಟಿವಿ, ಬಾಕ್ಸ್‌ಗಳ ನಾಲ್ಕು ಸ್ಥಿತಿಗಳನ್ನು ವೃತ್ತಗಳಾಗಿ ಬರೆದು, ಮ್ಯಾಕ್ರೋ ಒತ್ತಿದರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಣ ಎಳೆಯಿರಿ. ಎರಡು ಬೇರೆ ಬೇರೆ ಕುಣಿಕೆಗಳು ಕಾಣುತ್ತವೆ. ಈಗ ಟಿವಿ ಪವರ್ ಒಂದನ್ನೇ ಕಳಿಸುವ ಬಟನ್ ಸೇರಿಸಿ. ಕುಣಿಕೆಗಳು ಕೂಡುವುದನ್ನು ನೋಡಿ.

ನಾಲ್ಕನೆಯದಕ್ಕೆ ಲ್ಯಾಬ್ ಬೇಡ, ಊರಿಗೆ ಹೋಗುವ ಬಸ್ ಟಿಕೆಟ್ ಬೇಕು. ದಸರಾ ರಜೆಗೋ ದೀಪಾವಳಿಗೋ ಮನೆಗೆ ಹೋದಾಗ ನಾಲ್ಕು ಸೆಲ್, ಒಂದು ನೇಲ್ ಪಾಲಿಶ್, ಸ್ವಲ್ಪ ಟೇಪ್ ಬ್ಯಾಗಿಗೆ ಹಾಕಿಕೊಳ್ಳಿ. ನಿಮ್ಮ ಮನೆಯದು ಮುಗಿದ ಮೇಲೆ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಇನ್ನೊಂದು ಮನೆ ನೋಡಿ. ಯಾವ ಬಾಕ್ಸಿಗೆ ಯಾವ ಕ್ರಮ ನಡೆಯಿತು, ಯಾವ ಗುರುತು ಹಿರಿಯರಿಗೆ ಹಿಡಿಸಿತು ಎಂದು ಒಂದು ಪುಟ ಬರೆದು ಕನ್ನಡ ಸಂಘಕ್ಕೆ ಕೊಡಿ. ಬಂದದ್ದನ್ನೆಲ್ಲ ಒಟ್ಟು ಮಾಡಿ, ಕನ್ನಡದಲ್ಲಿ ಒಂದು ಕೈಪಿಡಿ ಮಾಡೋಣ.